ಯಜಮಾನರೇ ಎಲ್ಲವನ್ನೂ ಮಾಡಬೇಕೇ? ಹೈನುಗಾರಿಕೆಯಲ್ಲಿ ಕೆಲಸದ ಹಂಚಿಕೆ

'ತಾನು ಮಾಡುವುದು ಉತ್ತಮ, ಮಗ ಮಾಡುವುದು ಮಧ್ಯಮ, ಆಳು ಮಾಡುವುದು ಹಾಳು' ಎಂಬ ಗಾದೆಯನ್ನು ಸಂಘದ ಸಭೆಗಳಲ್ಲಿ ಸದಸ್ಯರು ಆಗಾಗ್ಗೆ ಹೇಳುವುದುಂಟು. ಒಂದೆರಡು ನಾಟಿ ಹಸು ಕಟ್ಟಿಕೊಂಡು ಮನೆ ಬಳಕೆಗೆ ಹಾಲು ಕರೆಯುತ್ತಿದ್ದ ಕಾಲಕ್ಕೆ ಆ ಮಾತು ಸರಿಯಿದ್ದಿರಬಹುದು. ಇಂದು ನಾಲ್ಕೈದು ಮಿಶ್ರತಳಿ ರಾಸುಗಳನ್ನು ಸಾಕಿ ಎರಡು ಹೊತ್ತೂ ಸಂಘಕ್ಕೆ ಹಾಲು ಹಾಕುವವರು ನಡೆಸುತ್ತಿರುವುದು ಒಂದು ಉದ್ದಿಮೆ. ಉದ್ದಿಮೆಯ ಯಜಮಾನ ಎಲ್ಲ ಕೆಲಸವನ್ನೂ ಎಲ್ಲ ತೀರ್ಮಾನವನ್ನೂ ತನ್ನ ಕೈಯಲ್ಲೇ ಇಟ್ಟುಕೊಂಡರೆ ನಷ್ಟವಾಗುವುದು ಕೊಟ್ಟಿಗೆಗೆ. ಅಂದಹಾಗೆ, ಈ ಗಾದೆಯಲ್ಲಿ ಮನೆಯ ಹೆಣ್ಣುಮಕ್ಕಳ ಹೆಸರೇ ಇಲ್ಲ. ಸೆಗಣಿ ಬಾಚುವುದರಿಂದ ಹಿಡಿದು ಕರುವಿಗೆ ಹಾಲು ಕುಡಿಸುವವರೆಗೆ ಕೊಟ್ಟಿಗೆಯ ಬಹುಪಾಲು ಕೆಲಸ ನಡೆಯುತ್ತಿರುವುದು ಅವರಿಂದಲೇ.

ಕರೆಯುವ ಕೈ ಒಂದೇ ಆದರೆ

'ನಮ್ಮ ಹಸು ನನ್ನನ್ನು ಬಿಟ್ಟು ಬೇರೆಯವರಿಗೆ ಹಾಲು ಕೊಡುವುದಿಲ್ಲ' ಎಂದು ಕೆಲವರು ಹೆಮ್ಮೆಯಿಂದ ಹೇಳುತ್ತಾರೆ. ಇದು ಹೆಮ್ಮೆಯ ವಿಷಯವಲ್ಲ. ಕೆಚ್ಚಲು ತೊಳೆದು ಒರೆಸಿದಾಗ, ಪರಿಚಿತ ಕೈ ಸೋಕಿದಾಗ ಹಸುವಿನ ಮೆದುಳಿನಿಂದ ಆಕ್ಸಿಟೋಸಿನ್ ಎಂಬ ಚೋದಕ ರಸ ರಕ್ತಕ್ಕೆ ಬಿಡುಗಡೆಯಾಗುತ್ತದೆ. ಸುಮಾರು ಒಂದು ನಿಮಿಷದಲ್ಲಿ ಅದು ಕೆಚ್ಚಲನ್ನು ತಲುಪಿ ಹಸು ಸೊರೆ ಬಿಡುತ್ತದೆ. ಇದರ ಪ್ರಭಾವ ಇರುವುದು 5ರಿಂದ 7 ನಿಮಿಷ ಮಾತ್ರ. ಅಪರಿಚಿತರನ್ನು ಕಂಡು ಹಸು ಬೆದರಿದರೆ ಅಡ್ರಿನಲಿನ್ ಎಂಬ ಇನ್ನೊಂದು ರಸ ಹೊರಟು ಮೊದಲಿನದರ ಕೆಲಸಕ್ಕೆ ತಡೆಯೊಡ್ಡುತ್ತದೆ. ಹಾಲು ಕೆಚ್ಚಲಲ್ಲೇ ಉಳಿಯುತ್ತದೆ.

ಯಜಮಾನರು ಕಾಮಾಲೆಯಿಂದ ಮಲಗಿದರು, ಕೋರ್ಟಿನ ಕೆಲಸಕ್ಕೆ ಹೋಗಿ ಮೂರು ದಿನ ಉಳಿದರು ಎನ್ನಿ. ಬೇರೆಯವರು ಕರೆಯಲು ಕೂತರೆ ಅರ್ಧ ಹಾಲೂ ಬರುವುದಿಲ್ಲ. ಉಳಿದ ಹಾಲಿನಲ್ಲಿ ರೋಗಾಣುಗಳು ಬೆಳೆದು ಕೆಚ್ಚಲು ಬಾವು ಕಾಣಿಸಿಕೊಳ್ಳುತ್ತದೆ. ಒಂದು ತೊಟ್ಟು ಗಟ್ಟಿಯಾಗಿ ಹೋದರೆ ಮುಂದಿನ ಸೂಲುಗಳಲ್ಲೂ ಆ ಭಾಗದಿಂದ ಹಾಲು ಸಿಗುವುದು ಕಷ್ಟ. ಚಿಕಿತ್ಸೆಗೆ ಹೋದ ಮನೆಗಳಲ್ಲಿ 'ಯಜಮಾನರು ಊರಲ್ಲಿ ಇರಲಿಲ್ಲ ಸಾರ್' ಎಂಬ ಮಾತನ್ನು ಕೇಳುವುದು ನಮಗೆ ಹೊಸದಲ್ಲ.

ಆದ್ದರಿಂದ ಪ್ರತಿ ಹಸುವನ್ನೂ ಎರಡು ಕೈಗಳಿಗೆ ರೂಢಿ ಮಾಡಿಸಬೇಕು. ಒಂದು ವಾರ ಇನ್ನೊಬ್ಬರು ಪಕ್ಕದಲ್ಲಿ ನಿಂತು ಹಿಂಡಿ ಇಡಲಿ, ಮೈ ತಿಕ್ಕಲಿ. ಮರುವಾರ ಅವರು ಕರೆಯಲಿ, ಯಜಮಾನರು ಪಕ್ಕದಲ್ಲಿ ನಿಲ್ಲಲಿ. ನಂತರ ವಾರಕ್ಕೆ ಎರಡು ಹೊತ್ತಾದರೂ ಅವರೇ ಕರೆಯಲಿ. ಕಲಿಸುವಾಗ ಹೆಬ್ಬೆರಳನ್ನು ಮಡಿಚಿ ಒತ್ತುವ ಪದ್ಧತಿಯನ್ನು ಕಲಿಸಬೇಡಿ. ಅದರಿಂದ ತೊಟ್ಟಿನ ಒಳಪೊರೆಗೆ ಪೆಟ್ಟಾಗುತ್ತದೆ. ಪೂರ್ಣ ಮುಷ್ಟಿಯಿಂದ ಕರೆಯುವುದನ್ನು ಕಲಿಸಿ. ಬಾವು ಇರುವ ಹಸುವನ್ನು ಎಲ್ಲಕ್ಕಿಂತ ಕೊನೆಯಲ್ಲಿ ಕರೆಯಬೇಕೆಂಬುದನ್ನೂ ಹೇಳಿಕೊಡಿ. ಎರಡು ದಿನ ತೋರಿಸಿ 'ಇವನ ಕೈಯಲ್ಲಿ ಆಗುವುದಿಲ್ಲ ಬಿಡಿ' ಎನ್ನುವವರೇ ಹೆಚ್ಚು. ತಾವು ಎಷ್ಟು ವರ್ಷದಲ್ಲಿ ಕಲಿತರೆಂಬುದನ್ನು ಅವರು ಮರೆತಿರುತ್ತಾರೆ.

ಬೆದೆ ಕಂಡವರಿಗೆ ಫೋನು ಮಾಡುವ ಅಧಿಕಾರವಿರಲಿ

ಕೆಲಸವನ್ನು ಕೊಟ್ಟು ತೀರ್ಮಾನವನ್ನು ಕೊಡದಿದ್ದರೆ ಏನಾಗುತ್ತದೆ ಎಂಬುದು ಬೆದೆಯ ವಿಷಯದಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ಹಸು 18ರಿಂದ 24 ದಿನಗಳಿಗೊಮ್ಮೆ, ಸರಾಸರಿ 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. ಬೆದೆ ಇರುವುದು ಸುಮಾರು 12ರಿಂದ 18 ಗಂಟೆ. ಬೆಳಿಗ್ಗೆ ಕಂಡರೆ ಅಂದು ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಕೃತಕ ಗರ್ಭಧಾರಣೆ ಮಾಡಿಸುವುದು ಸೂಕ್ತ. ಬೆದೆಯ ಲಕ್ಷಣಗಳು ಹೆಚ್ಚಾಗಿ ಕಾಣುವುದು ರಾತ್ರಿ ಮತ್ತು ನಸುಕಿನಲ್ಲಿ. ಹಸು ಮಲಗಿ ಎದ್ದ ಜಾಗದಲ್ಲಿ ಬಿದ್ದ ಗಾಜಿನಂಥ ಲೋಳೆ ಮೊದಲು ಕಣ್ಣಿಗೆ ಬೀಳುವುದು ನಸುಕಿಗೆ ಸೆಗಣಿ ಬಾಚುವವರಿಗೆ.

ಹೆಚ್ಚಿನ ಮನೆಗಳಲ್ಲಿ ಅವರು ಮನೆಯ ಗೃಹಿಣಿ. ಆಕೆ ಲೋಳೆ ನೋಡಿರುತ್ತಾಳೆ, ಹಸು ಕೂಗುವುದನ್ನೂ ಮೇವು ಬಿಟ್ಟಿರುವುದನ್ನೂ ಗಮನಿಸಿರುತ್ತಾಳೆ. ಯಜಮಾನರು ಬೆಳಗಿನ ಬಸ್ಸಿಗೆ ಪೇಟೆಗೆ ಹೋಗಿದ್ದಾರೆ. 'ಅವರು ಬರಲಿ' ಎಂದು ಕಾಯುತ್ತಾಳೆ. ರಾತ್ರಿ ಬಂದವರು ನಾಳೆ ನೋಡೋಣ ಎನ್ನುತ್ತಾರೆ. ಮರುದಿನ ಮಧ್ಯಾಹ್ನ ಕಾರ್ಯಕರ್ತರು ಬರುವ ಹೊತ್ತಿಗೆ ಬೆದೆ ಮುಗಿದಿರುತ್ತದೆ. ಹೀಗೆ ಒಂದು ಬೆದೆ ತಪ್ಪಿದರೆ 21 ದಿನ, ಎರಡು ತಪ್ಪಿದರೆ 42 ದಿನ ಹಸುವನ್ನು ಹೆಚ್ಚಾಗಿ ಸಾಕಬೇಕು. ಮುಂದಿನ ಕರುವೂ ಅಷ್ಟೇ ತಡ. ಹಾಲು ಬತ್ತಿಸಿಕೊಂಡು ನಿಲ್ಲುವ ಬರಡು ದಿನಗಳೂ ಅಷ್ಟೇ ಹೆಚ್ಚು. ಆ ದಿನಗಳ ಹಿಂಡಿ ಮೇವಿನ ಲೆಕ್ಕವನ್ನು ಬರೆದಿಟ್ಟವರು ಕಡಿಮೆ. ಬರೆದಿಟ್ಟರೆ ಆ ಒಂದು ಫೋನಿನ ಬೆಲೆ ತಿಳಿಯುತ್ತದೆ.

ಬೆದೆ ಕಂಡವರೇ ಕಾರ್ಯಕರ್ತರಿಗೆ ಫೋನು ಮಾಡಲಿ. ಅದರ ಖರ್ಚಿಗೆ ಬೇಕಾದ ಹಣ ಅವರ ಕೈಯಲ್ಲೇ ಇರಲಿ. ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡುವ ಕೆಲಸವನ್ನು ಶಾಲೆಗೆ ಹೋಗುವ ಮಕ್ಕಳಿಗೆ ಕೊಡಬಹುದು. ಅವರು ನಮಗಿಂತ ಚೆನ್ನಾಗಿ ಮಾಡುತ್ತಾರೆ. ಮೇವು ಕತ್ತರಿಸುವ ಯಂತ್ರದ ಹತ್ತಿರ ಮಾತ್ರ ಅವರನ್ನು ಬಿಡಬಾರದು. ಗುರುತು ಮಾಡಿದ ದಿನದಿಂದ 18ನೆಯ ದಿನದ ನಂತರ ಹಸು ಮತ್ತೆ ಬೆದೆಗೆ ಬಂತೇ ಎಂದು ನೋಡಬೇಕು. ಬರದಿದ್ದರೆ ಎರಡೂವರೆ ಮೂರು ತಿಂಗಳಿಗೆ ವೈದ್ಯರಿಂದ ಗರ್ಭ ಪರೀಕ್ಷೆ ಮಾಡಿಸಬೇಕು.

ಕೆಲಸದ ಜೊತೆಗೆ ಅಧಿಕಾರವನ್ನೂ ಕೊಡುವುದು ನಮ್ಮ ಸಹಕಾರ ವ್ಯವಸ್ಥೆಗೆ ಹೊಸದೇನಲ್ಲ. 1946ರಲ್ಲಿ ಗುಜರಾತಿನ ಖೇಡಾ ಜಿಲ್ಲೆಯಲ್ಲಿ ಹಾಲು ಒಕ್ಕೂಟ ಕಟ್ಟಿದ ತ್ರಿಭುವನದಾಸ ಪಟೇಲರು ರೈತರ ವಿಶ್ವಾಸ ಗಳಿಸಿದ್ದ ನಾಯಕರು. 1949ರಲ್ಲಿ ಆನಂದ್ ಪಟ್ಟಣಕ್ಕೆ ಬಂದ ವರ್ಗೀಸ್ ಕುರಿಯನ್ ಎಂಬ ಯುವ ಎಂಜಿನಿಯರರಿಗೆ ಅವರು ಡೇರಿಯ ಆಡಳಿತವನ್ನು ವಹಿಸಿದರು. ರೈತರ ಸಂಘಟನೆಯನ್ನು ತಾವು ನೋಡಿಕೊಂಡರು. ಕುರಿಯನ್ನರು ತಾಂತ್ರಿಕ ವಿಷಯವನ್ನು ಎಚ್.ಎಂ. ದಲಾಯಾ ಅವರಿಗೆ ಬಿಟ್ಟರು. ಎಮ್ಮೆಯ ಹಾಲಿನಿಂದ ಪುಡಿ ಮಾಡಲಾಗದು ಎಂದು ಪರದೇಶದ ತಜ್ಞರು ಹೇಳುತ್ತಿದ್ದ ಆ ದಿನಗಳಲ್ಲಿ ಅದನ್ನು ಮಾಡಿ ತೋರಿಸಿದವರು ದಲಾಯಾ. 1955ರಲ್ಲಿ ಆನಂದ್‌ನಲ್ಲಿ ಪುಡಿ ಕಾರ್ಖಾನೆ ಆರಂಭವಾಯಿತು. ಪಟೇಲರು ದಿನವೂ ಯಂತ್ರದ ಮುಂದೆ ನಿಂತು ಸಲಹೆ ಕೊಡುತ್ತಿದ್ದರೆ ಇದು ಆಗುತ್ತಿತ್ತೇ?

ಹೇಳದೆ ಉಳಿದ ಮಾತು

ಕೆಲಸ ಹಂಚಿದ ಮೇಲೆ ಮಾಹಿತಿಯನ್ನೂ ಹಂಚಬೇಕು. ಕೆಚ್ಚಲು ಬಾವಿಗೆ ಆಂಟಿಬಯೋಟಿಕ್ ಕೊಟ್ಟಾಗ ಇಷ್ಟು ದಿನ ಈ ಹಸುವಿನ ಹಾಲನ್ನು ಸಂಘಕ್ಕೆ ಹಾಕಬೇಡಿ ಎಂದು ವೈದ್ಯರು ಯಜಮಾನರಿಗೆ ಹೇಳಿರುತ್ತಾರೆ. ಸಂಜೆ ಕರೆಯುವ ಆಳಿಗೆ ಅದು ಗೊತ್ತಿರುವುದಿಲ್ಲ. ಆ ಹಾಲು ಕ್ಯಾನಿಗೆ, ಅಲ್ಲಿಂದ ಸಾಮೂಹಿಕ ಹಾಲು ಶೀತಲೀಕರಣ ಕೇಂದ್ರದ ತೊಟ್ಟಿಗೆ ಸೇರುತ್ತದೆ. ನೂರಾರು ಸದಸ್ಯರ ಹಾಲು ಇರುವ ತೊಟ್ಟಿ ಅದು. ಔಷಧದ ಅಂಶವಿರುವ ಹಾಲು ಮೊಸರಾಗದು, ಮಕ್ಕಳ ಹೊಟ್ಟೆಗೂ ಒಳ್ಳೆಯದಲ್ಲ. ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ ತೊಟ್ಟಿಯ ಅಷ್ಟೂ ಹಾಲನ್ನು ತಿರಸ್ಕರಿಸಬೇಕಾಗುತ್ತದೆ. ಔಷಧ ಕೊಟ್ಟ ಹಸುವಿನ ಹಿಂಗಾಲಿಗೆ ಕೆಂಪು ಬಟ್ಟೆ ಕಟ್ಟಿ, ಅವಧಿ ಮುಗಿದ ದಿನ ಬಿಚ್ಚಿ. ಓದು ಬಾರದವರಿಗೂ ಇದು ಅರ್ಥವಾಗುತ್ತದೆ.

ಎಲ್ಲವನ್ನೂ ತಾವೇ ಮಾಡುವ ಚಟಕ್ಕೆ ಇನ್ನೊಂದು ಮುಖವಿದೆ. ಕೆಲವರು ವೈದ್ಯರ ಕೆಲಸಕ್ಕೂ ಕೈ ಹಾಕುತ್ತಾರೆ. ಔಷಧ ಅಂಗಡಿಯಿಂದ ಸೂಜಿಮದ್ದು ತಂದು ಚುಚ್ಚುವುದು, ಹಾಲಿಳಿಸಲು ಆಕ್ಸಿಟೋಸಿನ್ ಕೊಡುವುದು, ಸತ್ತೆ ಬೀಳಲಿಲ್ಲವೆಂದು ಬರಿಗೈ ಹಾಕಿ ಎಳೆಯುವುದು. ಕಂದು ರೋಗ ಹಸುವಿನಿಂದ ಮನುಷ್ಯರಿಗೆ ಹರಡುವ ದಾರಿಗಳಲ್ಲಿ ಈ ಬರಿಗೈಯೂ ಒಂದು. ಈ ಕೆಲಸಗಳನ್ನು ವೈದ್ಯರಿಗೆ ಬಿಡಿ.

ಹಾಗಾದರೆ ಯಜಮಾನರಿಗೆ ಉಳಿಯುವುದೇನು? ಹಸು ಕೊಳ್ಳುವ ಮಾರುವ ವ್ಯವಹಾರ, ಸಾಲ, ವಿಮೆ, ಮೇವಿನ ಬೆಳೆಯ ಯೋಜನೆ, ಮತ್ತು ವಾರಕ್ಕೊಮ್ಮೆ ಸಂಘದ ಚೀಟಿಗಳನ್ನು ಮುಂದಿಟ್ಟುಕೊಂಡು ಜಿಡ್ಡು ಹಾಗೂ ಲೀಟರಿನ ಲೆಕ್ಕ ನೋಡುವುದು. ಲೆಕ್ಕವನ್ನು ಕೆಲಸ ಮಾಡಿದವರ ಜೊತೆ ಕೂತು ನೋಡಬೇಕು. ಕೊಟ್ಟಿಗೆ ನಡೆಸುತ್ತಿರುವವರು ಮನೆಯಾಕೆಯಾದರೆ ಸಂಘದ ಸದಸ್ಯತ್ವವೂ ಬ್ಯಾಂಕ್ ಖಾತೆಯೂ ಆಕೆಯ ಹೆಸರಿನಲ್ಲಿರುವುದು ನ್ಯಾಯ ಎಂಬುದು ನನ್ನ ಅಭಿಪ್ರಾಯ.

ಮುಂದಿನ ಸಲ ನೆಂಟರ ಮನೆಯ ಮದುವೆ ಬಂದಾಗ ಎರಡು ದಿನ ಉಳಿದು ಬನ್ನಿ. ಫೋನು ಮಾಡಿ ವಿಚಾರಿಸುತ್ತಾ ಕೂರಬೇಡಿ. ಹಿಂತಿರುಗಿದ ಮೇಲೆ ಆ ಎರಡು ದಿನಗಳ ನಾಲ್ಕು ಹೊತ್ತಿನ ಚೀಟಿಗಳನ್ನು ಹಿಂದಿನ ವಾರದ ಚೀಟಿಗಳೊಂದಿಗೆ ಹೋಲಿಸಿ ನೋಡಿ. ಹಾಲು ಕಡಿಮೆಯಾಗಿದ್ದರೆ ಯಾವ ಹಸುವಿನದು, ಯಾರು ಕರೆದಾಗ ಎಂದು ಕೇಳಿ, ಅಲ್ಲಿಂದ ಕಲಿಸಲು ಶುರುಮಾಡಿ.