ಡೋರ್ ನಂಬರ್ ಇಲ್ಲದ ಮನೆಗೂ ಲೇಬಲ್

ಡೇಟಾಬೇಸ್‌ನಿಂದ ಪಾರ್ಸೆಲ್ ಲೇಬಲ್ ಪ್ರಿಂಟ್ ಮಾಡೋ ಪ್ರೋಗ್ರಾಂ ಬರೀತಿದ್ದೇವೆ ಅಂದ್ಕೊಳ್ಳೋಣ. ಹೆಸರು, ಡೋರ್ ನಂಬರ್, ಊರು, ತಾಲ್ಲೂಕು, ಪಿನ್ ಎಲ್ಲಕ್ಕೂ ಬೇರೆ ಬೇರೆ ಕಾಲಂ. ಬೇಲೂರು ತಾಲ್ಲೂಕಿನ ಮಾದಿಹಳ್ಳಿಯ ಒಂದು ವಿಳಾಸಕ್ಕೆ ಡೋರ್ ನಂಬರ್ ಇಲ್ಲ. ಆ ಕಾಲಂ ನಲ್.

ಮೈಎಸ್‌ಕ್ಯೂಎಲ್‌ನ ಕಾನ್‌ಕ್ಯಾಟ್‌ನಲ್ಲಿ ಒಂದು ಭಾಗ ನಲ್ ಆದರೂ ಉತ್ತರ ನಲ್. ಇಡೀ ವಿಳಾಸವೇ ಮಾಯ! ಬದಲಿಗೆ ಕಾನ್‌ಕ್ಯಾಟ್_ಡಬ್ಲ್ಯೂಎಸ್ ಬಳಸೋಣ: ಅದು ನಲ್ ಬಿಟ್ಟು ಉಳಿದದ್ದನ್ನು ಜೋಡಿಸುತ್ತದೆ. ಖಾಲಿ ಸ್ಟ್ರಿಂಗ್ ಇದ್ದರೆ ಮಾತ್ರ ಬಿಡಲ್ಲ. ಅದನ್ನು ಮೊದಲು ನಲ್‌ಇಫ್‌ನಿಂದ ನಲ್ ಮಾಡಬೇಕು.

ಊರಿನ ಕಾಲಂ ಮಾತ್ರ ಖಾಲಿ ಬಿಡುವಂತಿಲ್ಲ. 1972ರಲ್ಲಿ ಬಂದ 6 ಅಂಕಿಯ ಪಿನ್ ಅಂಚೆ ಕಚೇರಿವರೆಗೆ ದಾರಿ ತೋರಿಸುತ್ತೆ, ಅಷ್ಟೇ. ಒಂದೇ ಪಿನ್ ಕೆಳಗೆ ಹಲವು ಹಳ್ಳಿಗಳಿರುತ್ತವೆ. ಹಾಗಾಗಿ ಟೇಬಲ್ ಮಾಡುವಾಗಲೇ ಊರನ್ನು ಕಡ್ಡಾಯ ಮಾಡೋಣ, ಡೋರ್ ನಂಬರನ್ನಲ್ಲ.