ರಾಡಾರ್ ಮಟ್ಟಮಾಪಕಕ್ಕೆ ಮೊದಲು ಟ್ಯಾಂಕಿಯ ಪರಿಚಯ ಮಾಡಿಸಿ

ಟ್ಯಾಂಕಿಯಲ್ಲಿ ನೀರೆಷ್ಟಿದೆ ಎಂದು ಕೋಲು ಇಳಿಸಿ ನೋಡುವುದು ನಮ್ಮ ರೂಢಿ. ಕಾರ್ಖಾನೆಗಳಲ್ಲಿ ಈ ಕೆಲಸಕ್ಕೆ ರಾಡಾರ್ ಮಟ್ಟಮಾಪಕ ಇದೆ. ನೀರಿನ ಟ್ಯಾಂಕಿ, ಕೃಷಿಹೊಂಡಕ್ಕೂ ಇದನ್ನು ಹಾಕಬಹುದು. ಆದರೆ ತಂದು ಸಿಕ್ಕಿಸಿದರೆ ಮುಗಿಯಿತು ಎಂದುಕೊಳ್ಳಬೇಡಿ. ಸರಿಯಾಗಿ ಹೊಂದಿಸದ ಮಾಪಕದ ಲೆಕ್ಕ ನಂಬಿ ನೀರು ಹಾಯಿಸಿದರೆ, ಬೇಸಿಗೆಯ ಕೊನೆಯ ಎರಡು ನೀರಿಗೆ ಹೊಂಡ ಖಾಲಿ!

ರಾಡಾರ್ ಎಂದರೆ ವಿಮಾನ ಪತ್ತೆಹಚ್ಚುವ ಯಂತ್ರವೇ ನೆನಪಿಗೆ ಬರುತ್ತದೆ. ಅಂಥವನ್ನು ತಯಾರಿಸುವ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ 1954ರಲ್ಲಿ ಶುರುವಾದದ್ದು ಬೆಂಗಳೂರಿನ ಜಾಲಹಳ್ಳಿಯಲ್ಲಿ. ಪಕ್ಕದ ವಿದ್ಯಾರಣ್ಯಪುರದಲ್ಲಿ ಅದರ ಹೆಸರಿನ ಬಡಾವಣೆಯೇ ಇದೆ. ಕೃಷಿಮೇಳಕ್ಕೆಂದು ನಾವು ಹೋಗುವ ಜಿಕೆವಿಕೆ ಕೂಡ ಅಲ್ಲಿಂದ ದೂರವಿಲ್ಲ. ಸೇನೆಯ ರಾಡಾರ್ ಆಗಲಿ, ಟ್ಯಾಂಕಿಯ ಮಾಪಕವಾಗಲಿ, ತತ್ವ ಒಂದೇ. ಅಲೆ ಕಳಿಸುವುದು, ಅದು ತಾಗಿ ಹಿಂತಿರುಗಲು ಹಿಡಿದ ಹೊತ್ತಿನಿಂದ ದೂರ ಲೆಕ್ಕ ಹಾಕುವುದು.

ಶಬ್ದದ ಅಲೆ ಬಳಸುವ ಅಗ್ಗದ ಮಾಪಕಗಳೂ ಇವೆ. ಶಬ್ದದ ವೇಗ ಗಾಳಿಯ ಬಿಸಿಗೆ ತಕ್ಕಂತೆ ಬದಲಾಗುತ್ತದೆ. 20 ಡಿಗ್ರಿಯಿಂದ 40 ಡಿಗ್ರಿಗೆ ಏರಿದರೆ ಸುಮಾರು ಶೇ. 3.5 ವ್ಯತ್ಯಾಸ. ಬಿಸಿಯನ್ನು ಸರಿದೂಗಿಸುವ ಏರ್ಪಾಡು ಇಲ್ಲದಿದ್ದರೆ 3 ಮೀಟರಿಗೆ 10 ಸೆಂ.ಮೀ. ತಪ್ಪು. ರಾಡಾರಿಗೆ ಈ ತೊಂದರೆ ಇಲ್ಲವೆಂದೇ ಹೇಳಬಹುದು.

ಎಲ್ಲಿ ಕೂರಿಸಬೇಕು?

ಅಲೆ ಟಾರ್ಚಿನ ಬೆಳಕಿನಂತೆ ಹರಡುತ್ತಾ ಹೋಗುತ್ತದೆ. 10 ಡಿಗ್ರಿ ಹರಡುವ ಮಾಪಕವಾದರೆ 5 ಮೀಟರ್ ಕೆಳಗೆ ಸುಮಾರು 87 ಸೆಂ.ಮೀ. ಅಗಲ. 4 ಡಿಗ್ರಿಯದ್ದಾದರೆ 35 ಸೆಂ.ಮೀ. ಮಾತ್ರ. ಈ ಜಾಗದಲ್ಲಿ ಏಣಿ, ಪೈಪು, ಗೋಡೆ ಅಡ್ಡ ಬರಬಾರದು. ನೀರು ಬೀಳುವ ಕಡೆಯೂ ಬೇಡ. ಗುಮ್ಮಟದಂಥ ಮುಚ್ಚಳವಿದ್ದರೆ ನಟ್ಟನಡುವೆಯೂ ಬೇಡ. ಮಾಪಕ ನೇರ ಕೆಳಗೆ ನೋಡುತ್ತಿರಲಿ.

ಹೊಂದಿಸುವ ಕ್ರಮ

1. ಮಾಪಕದ ಮುಖದಿಂದ ತಳಕ್ಕೆ ಎಷ್ಟು ದೂರ ಎಂದು ಟೇಪು ಹಿಡಿದು ಅಳೆಯಿರಿ. ಇದು 'ಖಾಲಿ' ಅಂಕಿ. ತುಂಬಿದಾಗಿನ ನೀರಿನ ಮಟ್ಟಕ್ಕೆ ಇರುವ ದೂರ 'ಭರ್ತಿ' ಅಂಕಿ. ಎರಡನ್ನೂ ಮಾಪಕಕ್ಕೆ ಕೊಡಿ.

2. ಮಾಪಕದ ಮುಖದ ತೀರಾ ಹತ್ತಿರ ಸ್ವಲ್ಪ ಕುರುಡು ಜಾಗ ಇರುತ್ತದೆ. ಎಷ್ಟೆಂದು ಅದರ ಕೈಪಿಡಿಯಲ್ಲಿದೆ. ನೀರು ಅಲ್ಲಿಯವರೆಗೆ ಏರದಷ್ಟು ಎತ್ತರದಲ್ಲಿ ಕೂರಿಸಿ.

3. ಟ್ಯಾಂಕಿ ಖಾಲಿ ಇದ್ದಾಗಲೇ ಸುಳ್ಳು ಪ್ರತಿಧ್ವನಿಗಳನ್ನು ದಾಖಲಿಸಿ. ಏಣಿ, ಪೈಪುಗಳಿಂದ ಬಂದದ್ದನ್ನು ಮಾಪಕ ಆಮೇಲೆ ಲೆಕ್ಕಕ್ಕೆ ಹಿಡಿಯುವುದಿಲ್ಲ. ನೀರಿದ್ದಾಗಲೇ ಮಾಡಬೇಕಾದರೆ ನೀರಿನ ಮಟ್ಟಕ್ಕಿಂತ ತುಸು ಮೇಲಿನವರೆಗೆ ಮಾತ್ರ ದಾಖಲಿಸಿ. ಇಲ್ಲವಾದರೆ ನಿಜವಾದ ನೀರನ್ನೇ 'ಸುಳ್ಳು' ಎಂದು ತಿಳಿದೀತು.

4. ಅಲೆಯಾಡುವ ನೀರಿಗೆ ಅಂಕಿ ಕುಣಿಯುತ್ತದೆ. ಸರಾಸರಿ ತೆಗೆಯುವ ಸಮಯ ಹೆಚ್ಚಿಸಿದರೆ ನಿಲ್ಲುತ್ತದೆ. ತೀರಾ ಹೆಚ್ಚಿಸಿದರೆ ಪಂಪು ತಡವಾಗಿ ನಿಂತು ನೀರು ಉಕ್ಕೀತು.

5. ಕೊನೆಗೆ ತಳದಲ್ಲಿ, ಅರ್ಧದಲ್ಲಿ, ಭರ್ತಿಯಲ್ಲಿ ಹೀಗೆ ಮೂರು ಸಲ ಕೋಲು ಇಳಿಸಿ ತಾಳೆ ನೋಡಿ.

ಎತ್ತರ ಬೇರೆ, ನೀರು ಬೇರೆ

ಮಾಪಕ ಅಳೆಯುವುದು ಎತ್ತರವನ್ನು, ಲೀಟರನ್ನಲ್ಲ. ನೆಟ್ಟಗಿರುವ ದುಂಡು ಟ್ಯಾಂಕಿಯ ಲೆಕ್ಕ ಸುಲಭ. 2 ಮೀಟರ್ ಅಗಲವಿದ್ದರೆ ಪ್ರತಿ ಸೆಂ.ಮೀ.ಗೆ ಸುಮಾರು 31 ಲೀಟರ್. ಇಳಿಜಾರು ದಂಡೆಯ ಹೊಂಡ ಹಾಗಲ್ಲ. ಮೇಲೆ 10 × 10 ಮೀ., ತಳದಲ್ಲಿ 4 × 4 ಮೀ., ಆಳ 3 ಮೀ. ಇರುವ ಹೊಂಡದಲ್ಲಿ ತುಂಬಿದಾಗ 1,56,000 ಲೀಟರ್ ನೀರು. ಅರ್ಧ ಆಳಕ್ಕೆ ಇಳಿದಾಗ 78,000 ಉಳಿದಿದೆ ಅಂತ ಎಣಿಸಿದಿರೋ, ಕೆಟ್ಟಿರಿ. ಇರುವುದು 46,500 ಲೀಟರ್. ಮೂರನೇ ಒಂದು ಪಾಲೂ ಇಲ್ಲ!

ಆದ್ದರಿಂದ ಪ್ರತಿ ಅರ್ಧ ಮೀಟರಿಗೆ ಎಷ್ಟು ಲೀಟರ್ ಎಂದು ಒಮ್ಮೆ ಲೆಕ್ಕ ಹಾಕಿ ಪಟ್ಟಿ ಮಾಡಿ. ಮಾಪಕದಲ್ಲಿ ಸೌಲಭ್ಯ ಇದ್ದರೆ ಆ ಪಟ್ಟಿಯನ್ನೇ ತುಂಬಿಸಿ. ಇಲ್ಲದಿದ್ದರೆ ಪಂಪ್ ಶೆಡ್ಡಿನ ಗೋಡೆಗೆ ಅಂಟಿಸಿ. ರಾಡಾರ್ ಕೊಳ್ಳದೆ ಕೋಲಲ್ಲೇ ಅಳೆಯುವವರಿಗೂ ಈ ಪಟ್ಟಿ ಬೇಕೇ ಬೇಕು.