ಮಾರ್ಕೆಟಿಗೆ ಹೋಗುವ ಗಾಡಿ: ಹೋಟೆಲಿನವರು ತಿಳಿದಿರಬೇಕಾದ ಕೆಲವು ವಿಷಯ



ಬೆಳಗ್ಗೆ ಶಟರ್ ಎತ್ತಿದ ಕೂಡಲೇ ನಾವು ಏನೇನು ನೋಡುತ್ತೇವೆ? ಹಾಲು ಒಡೆದಿದೆಯೇ, ದೋಸೆ ಹಿಟ್ಟು ಹುಳಿ ಬಂದಿದೆಯೇ, ಗ್ಯಾಸಿನ ಪೈಪು ಸರಿ ಇದೆಯೇ, ಫ್ರಿಜ್ ತಂಪಾಗಿದೆಯೇ. ಇದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ಆದರೆ ಅದೇ ಹೊತ್ತಿಗೆ ವಾಶಿಯ ಎ.ಪಿ.ಎಂ.ಸಿ. ಮಾರ್ಕೆಟಿನಿಂದ ತರಕಾರಿ ತುಂಬಿಕೊಂಡು ಬಂದು ಹಿಂಬಾಗಿಲಲ್ಲಿ ನಿಂತ ಗಾಡಿಯನ್ನು ಯಾರು ನೋಡುತ್ತಾರೆ? ಸ್ಟಾರ್ಟ್ ಆದರೆ ಸಾಕು ಎಂಬುದು ನಮ್ಮ ಲೆಕ್ಕ. ಡೊಂಬಿವಲಿ, ಕಲ್ಯಾಣಿನವರ ಗಾಡಿ ಶಿಳ್‌ಫಾಟಾ ರಸ್ತೆಯಲ್ಲಿ, ಥಾಣೆಯವರ ಗಾಡಿ ಬೇಲಾಪುರ ರಸ್ತೆಯಲ್ಲಿ, ಬೆಳಕು ಹರಿಯುವ ಮೊದಲೇ ಟ್ರಕ್ಕು ಟ್ರೈಲರುಗಳ ನಡುವೆ ಓಡುತ್ತದೆ. ಗ್ರೈಂಡರ್ ಕೆಟ್ಟರೆ ಒಂದು ದಿನದ ಇಡ್ಲಿ ಹೋಗುತ್ತದೆ. ಗಾಡಿ ಕೈಕೊಟ್ಟರೆ ಹೋಗುವುದು ಅದಲ್ಲ.

ನಾನು ಹತ್ತನೆಯ ತರಗತಿವರೆಗೆ ಓದಿದವನು, ಮೆಕ್ಯಾನಿಕ್ ಅಲ್ಲ. ಮೊದಲು ಓಮ್ನಿ, ಈಗ ಈಕೋ, ಹೀಗೆ ವರ್ಷಗಟ್ಟಲೆ ಗಾಡಿ ಇಟ್ಟುಕೊಂಡು, ಗ್ಯಾರೇಜಿನಲ್ಲಿ ಸ್ಟೂಲ್ ಹಾಕಿ ಕುಳಿತು ಕೇಳಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಟೈರಿನ ವಿಷಯ. ಎಷ್ಟೇ ದೊಡ್ಡ ಕಾರಾದರೂ ರಸ್ತೆಗೆ ತಾಗಿಕೊಂಡಿರುವುದು ಒಂದೊಂದು ಟೈರಿನ ಅಂಗೈ ಅಗಲದ ಜಾಗ ಮಾತ್ರ. ಬ್ರೇಕು, ಸ್ಟಿಯರಿಂಗ್ ಎಲ್ಲವೂ ನಿಂತಿರುವುದು ಅಷ್ಟರ ಮೇಲೆ. ಒಂದು ತಂತಿಯನ್ನು ಹತ್ತು ಸಲ ಆಚೀಚೆ ಬಗ್ಗಿಸಿ ಮುಟ್ಟಿ ನೋಡಿ, ಬಿಸಿಯಾಗಿರುತ್ತದೆ. ಗಾಳಿ ಕಡಿಮೆಯಾದ ಟೈರಿಗೂ ಹಾಗೆಯೇ. ಅದರ ಬದಿ ಪ್ರತಿ ಸುತ್ತಿಗೂ ಬಗ್ಗಿ ಏಳುತ್ತಾ ಒಳಗಿಂದೊಳಗೆ ಕಾಯುತ್ತದೆ, ಕೊನೆಗೆ ಒಡೆಯುತ್ತದೆ. ಗಾಳಿ ಹೆಚ್ಚಾಯಿತು, ಅದಕ್ಕೇ ಒಡೆಯಿತು ಎಂದು ನಮ್ಮವರು ಹೇಳುವುದುಂಟು. ಹೆಚ್ಚಿನ ಸಲ ಕಾರಣ ಅದರ ತಿರುಗು ಮುರುಗು.

ಎಷ್ಟು ಗಾಳಿ ಬೇಕು ಎಂಬುದು ಸಾಮಾನ್ಯವಾಗಿ ಡ್ರೈವರನ ಬಾಗಿಲು ತೆರೆದರೆ ಕಾಣುವ ಸ್ಟಿಕರಿನಲ್ಲಿ, ಇಲ್ಲವೇ ಗಾಡಿಯ ಪುಸ್ತಕದಲ್ಲಿ ಇರುತ್ತದೆ. ಕೆಲವು ಗಾಡಿಗಳಿಗೆ ಎರಡು ಅಂಕೆ ಕೊಟ್ಟಿರುತ್ತಾರೆ, ಒಂದು ಇಬ್ಬರು ಮೂವರು ಕುಳಿತಾಗ, ಇನ್ನೊಂದು ಪೂರ್ತಿ ಲೋಡ್ ಇದ್ದಾಗ. ಮಾರ್ಕೆಟಿಗೆ ಹೋಗುವ ಗಾಡಿಗೆ ಎರಡನೆಯದೇ ಸರಿ. ಗಾಳಿಯನ್ನು ಟೈರು ತಣ್ಣಗಿರುವಾಗ ನೋಡಬೇಕು, ಓಡಿ ಬಂದ ಟೈರು ಬಿಸಿಗೆ ಹೆಚ್ಚು ತೋರಿಸುತ್ತದೆ. ಹೆಚ್ಚಾಯಿತೆಂದು ಆಗ ಬಿಟ್ಟರೆ ತಣಿದ ಮೇಲೆ ಕಡಿಮೆ ಆಗುತ್ತದೆ. ಸ್ಟೆಪ್ನಿಗೂ ಗಾಳಿ ಬೇಕು. ಅದು ನೆನಪಾಗುವುದು ಮುಂಬ್ರಾ ಬೈಪಾಸಿನಲ್ಲಿ ಪಂಕ್ಚರ್ ಆದಾಗಲೇ.

ಟೈರಿಗೆ ವಯಸ್ಸೂ ಇದೆ. ಬದಿಯಲ್ಲಿ ಡಿ.ಒ.ಟಿ. ಎಂಬ ಅಕ್ಷರಗಳ ಸಾಲಿನ ಕೊನೆಗೆ ನಾಲ್ಕು ಅಂಕೆ ಇರುತ್ತದೆ. 2319 ಎಂದಿದ್ದರೆ 2019ನೇ ಇಸವಿಯ 23ನೇ ವಾರದಲ್ಲಿ ಮಾಡಿದ್ದು ಎಂದರ್ಥ. ಕಡಿಮೆ ಓಡಿದ ಟೈರಾದರೂ ಐದು ವರ್ಷ ದಾಟಿದ ಮೇಲೆ ವರ್ಷಕ್ಕೊಮ್ಮೆ ತಿಳಿದವರಿಗೆ ತೋರಿಸಿ, ಬಿರುಕು ಕಂಡರೆ ತೆಗೆಯಿರಿ. ಹೊಸ ಟೈರು ಕೊಳ್ಳುವಾಗಲೂ ಈ ಅಂಕೆ ನೋಡಿಯೇ ಹಣ ಕೊಡಿ. ನಾವು ರವೆ, ಮೈದಾ ಪ್ಯಾಕೆಟಿನ ತಾರೀಕು ನೋಡುವುದಿಲ್ಲವೇ? ಸವೆತಕ್ಕೂ ಗುರುತಿದೆ. ಟೈರಿನ ಚಡಿಯೊಳಗೆ ಅಲ್ಲಲ್ಲಿ ಸಣ್ಣ ರಬ್ಬರಿನ ಗೆರೆ ಇರುತ್ತದೆ, ಟೈರು ಸವೆದು ಅದಕ್ಕೆ ಸಮವಾದರೆ ಉಳಿದದ್ದು 1.6 ಮಿ.ಮೀ. ಕಾನೂನಿನ ಪ್ರಕಾರ ಅಲ್ಲಿಗೆ ಅದರ ಆಯುಷ್ಯ ಮುಗಿಯಿತು. ನಮ್ಮ ಮಳೆಗೆ ಅಷ್ಟರವರೆಗೆ ಕಾಯುವುದು ಬೇಡ, ಮೇ ತಿಂಗಳಲ್ಲೇ ನೋಡಿ. ಎರಡೇ ಹೊಸ ಟೈರು ಹಾಕುವುದಿದ್ದರೆ ಹಿಂದಕ್ಕೆ ಹಾಕಿಸಿ. ಗ್ಯಾರೇಜಿನವರು ಮುಂದಕ್ಕೆ ಎನ್ನುತ್ತಾರೆ. ಆದರೆ ಒದ್ದೆ ರಸ್ತೆಯಲ್ಲಿ ಹಿಂದಿನ ಚಕ್ರ ಜಾರಿದರೆ ಗಾಡಿ ಗಿರಕಿ ಹೊಡೆಯುತ್ತದೆ, ಆಮೇಲೆ ಸ್ಟಿಯರಿಂಗ್ ಹಿಡಿದು ಪ್ರಯೋಜನವಿಲ್ಲ.

ನಾಗಪುರದಿಂದ ನಮ್ಮ ಭಿವಂಡಿ ಹತ್ತಿರದ ಆಮಣೆವರೆಗಿನ 701 ಕಿ.ಮೀ. ಸಮೃದ್ಧಿ ಮಹಾಮಾರ್ಗ 2022ರ ಡಿಸೆಂಬರಿನಲ್ಲಿ ಶುರುವಾಗಿ 2025ರ ಜೂನಿನಲ್ಲಿ ಪೂರ್ತಿಯಾಯಿತು. ಈಗ ಶಿರ್ಡಿ ದರ್ಶನಕ್ಕೆ ನಮ್ಮವರು ಇದರಲ್ಲೇ ಹೋಗುತ್ತಾರೆ. ಊರೊಳಗೆ 30, 40ರಲ್ಲಿ ಓಡಿದ ಹಳೇ ಟೈರನ್ನು ಸಿಮೆಂಟ್ ರಸ್ತೆಯ ಮೇಲೆ ಗಂಟೆಗಟ್ಟಲೆ 100, 120ರಲ್ಲಿ ಓಡಿಸಿದರೆ ಅದು ಕಾಯದೆ ಇರುತ್ತದೆಯೇ? ಹೋಗುವ ಹಿಂದಿನ ದಿನ ಟೈರು ನೋಡಿಸಿ.

ಇನ್ನು ಲೋಡು. ಗಾಡಿ ಐದು ಜನರದ್ದು ಎಂದರೆ ಅದನ್ನು ಮಾಡಿರುವುದು ಐದು ಜನರ ಮತ್ತು ಒಂದಷ್ಟು ಸಾಮಾನಿನ ತೂಕಕ್ಕೆ. ಐದು ಜನ ಎಂದರೆ ಸುಮಾರು ಮೂರೂವರೆ ಕ್ವಿಂಟಾಲ್. ನಾವು ಹಿಂದಿನ ಸೀಟು ಬಿಚ್ಚಿಟ್ಟು ಈರುಳ್ಳಿ, ಬಟಾಟೆಯ 50 ಕೆ.ಜಿ. ಗೋಣಿ ಹತ್ತು ಹಾಕುತ್ತೇವೆ. ಅಲ್ಲಿಗೇ ಐದು ಕ್ವಿಂಟಾಲ್ ಆಯಿತು. ಮೇಲೆ ಕ್ಯಾಬೇಜು, ಕೊತ್ತಂಬರಿ, ಡ್ರೈವರ್, ಜತೆಗೊಬ್ಬ ಹುಡುಗ. ಹಿಂದೆ ಭಾರ ಕುಳಿತರೆ ಮುಂದೆ ಎತ್ತುತ್ತದೆ, ಸ್ಟಿಯರಿಂಗ್ ಹಗುರವಾಗುತ್ತದೆ, ಹೆಡ್‌ಲೈಟ್ ಎದುರಿನವನ ಕಣ್ಣಿಗೆ ಹೊಡೆಯುತ್ತದೆ, ಬ್ರೇಕ್ ಒತ್ತಿದರೆ ನಿಲ್ಲುವ ಜಾಗ ಉದ್ದವಾಗುತ್ತದೆ. ಎರಡು ಟ್ರಿಪ್ಪು ಮಾಡಿ, ಇಲ್ಲವೇ ಹತ್ತಿರದ ಇಬ್ಬರು ಹೋಟೆಲಿನವರು ಸೇರಿ ಒಂದು ಟೆಂಪೋ ಗೊತ್ತು ಮಾಡಿ. ಭಾರದ ಗೋಣಿ ಕೆಳಗೆ, ಮುಂದಿನ ಸೀಟಿನ ಬೆನ್ನಿಗೆ ಒತ್ತಿ ಇಡಬೇಕು. ಸೊಪ್ಪು ಮೇಲೆ.

ಇಲ್ಲಿಯವರೆಗೆ ಹೇಳಿದ್ದು ಗಾಡಿಯ ಮಾತು. ನಾನು ಮುಖ್ಯವಾಗಿ ಬರೆಯಲು ಹೊರಟದ್ದು ಮುಂದಿನದು.

ಕ್ಯಾಟರಿಂಗ್ ಆರ್ಡರ್ ಇದ್ದ ದಿನ ನಾವು ಹುಡುಗರನ್ನು ಎಲ್ಲಿ ಕೂರಿಸುತ್ತೇವೆ? ಮುಂದೆ ಡ್ರೈವರ್ ಮತ್ತು ಭಟ್ಟರು. ಹಿಂದೆ ಕೊಪ್ಪರಿಗೆ, ಸಾಂಬಾರಿನ ಪಾತ್ರೆ, ತಟ್ಟೆಗಳ ಕ್ರೇಟು, ಅವುಗಳ ನಡುವೆ ಬೋರಲು ಹಾಕಿದ ತಪೇಲಿಯ ಮೇಲೆ ನಾಲ್ಕು ಹುಡುಗರು. ಒಬ್ಬ ಸಾಂಬಾರು ಚೆಲ್ಲದಂತೆ ಮುಚ್ಚಳ ಹಿಡಿದಿರುತ್ತಾನೆ. ಕಲ್ಯಾಣದಲ್ಲೂ, ಥಾಣೆಯಲ್ಲೂ, ನೆರೂಳಿನಲ್ಲೂ ಇದನ್ನು ನಾನು ನೋಡಿದ್ದೇನೆ, ನೀವೂ ನೋಡಿದ್ದೀರಿ. ಗಂಟೆಗೆ 60 ಕಿ.ಮೀ. ವೇಗದ ಗಾಡಿ ಏನಕ್ಕಾದರೂ ಗುದ್ದಿ ಒಮ್ಮೆಲೇ ನಿಂತರೆ ಒಳಗಿನ ಮನುಷ್ಯನಿಗೆ ಅದು 14 ಮೀಟರ್, ಅಂದರೆ ನಾಲ್ಕು ಮಾಳಿಗೆ ಎತ್ತರದಿಂದ ಬಿದ್ದದ್ದಕ್ಕೆ ಸಮ. ಪಾತ್ರೆಯೂ ಅದೇ ವೇಗದಲ್ಲಿ ಮುಂದಕ್ಕೆ ಬರುತ್ತದೆ, ಅದರೊಳಗಿನ ಕುದಿಯುವ ಸಾಂಬಾರು ಕೂಡ. ಹಿಡಿದುಕೊಂಡಿದ್ದೆ ಎಂಬುದಕ್ಕೆ ಅಲ್ಲಿ ಅರ್ಥವಿಲ್ಲ.

2022ರ ಸೆಪ್ಟೆಂಬರ್ 4ರಂದು ಪಾಲ್ಘರ್ ಜಿಲ್ಲೆಯ ಚಾರೋಟಿ ಹತ್ತಿರ ಸೂರ್ಯಾ ನದಿಯ ಸೇತುವೆಯಲ್ಲಿ ಟಾಟಾ ಸನ್ಸ್‌ನ ಮಾಜಿ ಅಧ್ಯಕ್ಷ ಸೈರಸ್ ಮಿಸ್ತ್ರಿಯವರು ತೀರಿಕೊಂಡದ್ದು ನಿಮಗೆ ನೆನಪಿರಬಹುದು. ಗಾಡಿ ಮರ್ಸಿಡಿಸ್. ಹಿಂದಿನ ಸೀಟಿನ ಇಬ್ಬರೂ ಬೆಲ್ಟ್ ಹಾಕಿರಲಿಲ್ಲ, ಇಬ್ಬರೂ ಹೋದರು. ಮುಂದಿದ್ದ ಇಬ್ಬರು ಪೆಟ್ಟಾದರೂ ಉಳಿದರು. ಆ ಬಳಿಕ 2022ರ ನವೆಂಬರಿನಿಂದ ಮುಂಬಯಿ ಪೊಲೀಸರು ಹಿಂದಿನ ಸೀಟಿಗೂ ಬೆಲ್ಟ್ ಕಡ್ಡಾಯ ಎಂದರು. ಅಷ್ಟು ಬೆಲೆಯ ಕಾರೇ ಬೆಲ್ಟ್ ಇಲ್ಲದವರನ್ನು ಉಳಿಸಲಿಲ್ಲ ಎಂದ ಮೇಲೆ ತಪೇಲಿಯ ಮೇಲೆ ಕುಳಿತ ಹುಡುಗನ ಗತಿ ಏನು? ಕುಂದಾಪುರ, ಕಾರ್ಕಳದ ಕಡೆಯಿಂದ, ಈಗ ಉತ್ತರದ ರಾಜ್ಯಗಳಿಂದಲೂ ಬಂದ ಈ ಮಕ್ಕಳ ಮನೆಯವರು ನಮ್ಮ ಮುಖ ನೋಡಿ ಕಳುಹಿಸಿದ್ದಾರೆ. ಪಾತ್ರೆ ಗಾಡಿಯಲ್ಲಿ ಹೋಗಲಿ, ಹುಡುಗರು ಲೋಕಲ್ ಟ್ರೈನಿನಲ್ಲಿ, ರಿಕ್ಷಾದಲ್ಲಿ ಹೋಗಲಿ. ಆ ನೂರಿನ್ನೂರು ರೂಪಾಯಿಯನ್ನು ಆರ್ಡರಿನ ರೇಟಿಗೇ ಸೇರಿಸಿ, ಗಿರಾಕಿ ಬೇಡ ಎನ್ನುವುದಿಲ್ಲ. ಪಾತ್ರೆಗಳನ್ನು ಹಗ್ಗದಿಂದ ಬಿಗಿಯಿರಿ, ಮುಚ್ಚಳವನ್ನೂ ಕಟ್ಟಿ. ಕಾದ ಎಣ್ಣೆಯ ಕಡಾಯಿ ಗಾಡಿ ಹತ್ತಲೇಬಾರದು.

ಸಿಲಿಂಡರ್ ವಿಷಯವೂ ಇದೇ ಸಾಲಿನದು. 19 ಕೆ.ಜಿ.ಯ ನಮ್ಮ ಗ್ಯಾಸು ಗಾಳಿಗಿಂತ ಭಾರ. ಸೋರಿದರೆ ಮುಚ್ಚಿದ ವ್ಯಾನಿನ ನೆಲದಲ್ಲಿ ನೀರಿನ ಹಾಗೆ ನಿಲ್ಲುತ್ತದೆ, ಒಂದು ಕಿಡಿ ಸಾಕು. ಆದಷ್ಟು ಏಜೆನ್ಸಿಯವರೇ ಹಾಲಿಗೆ ತಲುಪಿಸುವಂತೆ ಮಾಡಿ. ಸಿ.ಎನ್.ಜಿ. ಗಾಳಿಗಿಂತ ಹಗುರ, ಮೇಲೆ ಹೋಗುತ್ತದೆ, ಆದರೆ ಅದರ ಸಿಲಿಂಡರಿನಲ್ಲಿ ಒತ್ತಡ ಬಹಳ. ಮೂರು ವರ್ಷಕ್ಕೊಮ್ಮೆ ಅದರ ಪರೀಕ್ಷೆ ಆಗಬೇಕು, ತಾರೀಕು ತಗಡಿನ ಪಟ್ಟಿಯಲ್ಲಿ ಇರುತ್ತದೆ. ಪಂಪಿನಲ್ಲಿ ತುಂಬಿಸುವಾಗ ಎಲ್ಲರೂ ಇಳಿಯಲೇಬೇಕು. ಮಳೆ ಇದ್ದರೂ ಇಳಿಯಬೇಕು.

ಬ್ರೇಕು. ಒತ್ತಿದಾಗ ಕೀರಲು ಶಬ್ದ, ಒಂದು ಬದಿಗೆ ಎಳೆಯುವುದು, ಪೆಡಲ್ ಕೆಳಗೆ ಹೋಗುವುದು, ಈ ಮೂರರಲ್ಲಿ ಯಾವುದು ಕಂಡರೂ ಅಂದೇ ಗ್ಯಾರೇಜು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ಘಾಟಿ ಇಳಿಯುವಾಗ ಬ್ರೇಕ್ ಕಾದು ಆ ತೇವ ಆವಿಯಾದರೆ ಪೆಡಲ್ ಸ್ಪಂಜಿನಂತಾಗುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಪನ್ವೇಲಿನಿಂದ ಉಡುಪಿಗೆ ಸುಮಾರು 800 ಕಿ.ಮೀ., ನಡುವೆ ಘಾಟಿಗಳಿವೆ. ಇಳಿಜಾರಿನಲ್ಲಿ ಹತ್ತುವ ಗೇರೇ ಇಳಿಯುವ ಗೇರು. ಪೆಟ್ರೋಲ್ ಉಳಿಸಲು ನ್ಯೂಟ್ರಲ್ ಮಾಡುವವರು ಇನ್ನೂ ಇದ್ದಾರೆ, ಅವರ ಜತೆ ನಾನು ಕೂರುವುದಿಲ್ಲ.

ಆಯಿಲ್, ಕೂಲಂಟ್ ಎಲ್ಲರಿಗೂ ಗೊತ್ತಿರುವುದೇ. ಸಮತಟ್ಟು ಜಾಗ, ಎಂಜಿನ್ ಆಫ್, ಐದು ನಿಮಿಷ ಬಿಟ್ಟು ಕಡ್ಡಿ ಎಳೆದು ಒರೆಸಿ ಮತ್ತೆ ಹಾಕಿ ನೋಡಿ. ಬಿಸಿ ರೇಡಿಯೇಟರಿನ ಮುಚ್ಚಳ ತೆರೆಯಬೇಡಿ. ಪ್ರೆಶರ್ ಕುಕ್ಕರಿನ ಸೀಟಿ ಇಳಿಯುವ ಮೊದಲು ಮುಚ್ಚಳ ತೆರೆಯಬಾರದೆಂದು ನಮ್ಮ ಅಡಿಗೆಯವರಿಗೆ ನಾವೇ ಹೇಳುವವರು.

ಮಳೆಗಾಲದ ನೀರಿನ ಬಗ್ಗೆ ಮಾತ್ರ ಸ್ವಲ್ಪ ಬಿಡಿಸಿ ಹೇಳಬೇಕು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಬಿತ್ತು. ಅಂದು ಮುಂಬಯಿಯಲ್ಲಿ ಗಾಜು ಏರಿಸಿಕೊಂಡು ಕಾರಿನೊಳಗೇ ಕುಳಿತು ಸತ್ತವರಿದ್ದಾರೆ. ನೀರು ಹೊಕ್ಕು ಕರೆಂಟ್ ಹೋದರೆ ಗಾಜು ಇಳಿಯುವುದಿಲ್ಲ, ಹೊರಗಿನ ನೀರಿನ ಒತ್ತಡಕ್ಕೆ ಬಾಗಿಲೂ ತೆರೆಯುವುದಿಲ್ಲ. ನೀರು ಏರುತ್ತಿದೆ ಎಂದು ಕಂಡ ಕೂಡಲೇ ಗಾಜು ಇಳಿಸಿ, ಗಾಡಿ ಬಿಟ್ಟು ಹೊರಗೆ ಬನ್ನಿ. ಡ್ರೈವರನ ಕೈಗೆ ಸಿಗುವಲ್ಲಿ ಸಣ್ಣ ಸುತ್ತಿಗೆ ಇರಲಿ. ಹೊಡೆಯುವುದು ಪಕ್ಕದ ಗಾಜಿನ ಮೂಲೆಗೆ. ಮುಂದಿನ ಗಾಜಿನ ನಡುವೆ ಪ್ಲಾಸ್ಟಿಕ್ ಹಾಳೆ ಇರುವುದರಿಂದ ಅದು ಬಿರಿಯುತ್ತದೆ, ಬೀಳುವುದಿಲ್ಲ.

ನೀರಿನಲ್ಲಿ ಎಂಜಿನ್ ನಿಂತರೆ ಮತ್ತೆ ಕೀ ತಿರುಗಿಸಬೇಡಿ. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗದು. ಸಿಲಿಂಡರಿನೊಳಗೆ ಹೋದ ನೀರಿಗೆ ಪಿಸ್ಟನ್ ಗುದ್ದಿ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ, ಎಂಜಿನ್ ಬಿಚ್ಚಬೇಕಾಗುತ್ತದೆ. ಸಾದಾ ಪಾಲಿಸಿಯಲ್ಲಿ ಇದಕ್ಕೆ ಹಣ ಸಿಗುವುದು ಕಷ್ಟ, ಎಂಜಿನ್ ರಕ್ಷಣೆಯ ಬೇರೆ ಆ್ಯಡ್-ಆನ್ ಇರಬೇಕು. ತಳ್ಳಿ ಪಕ್ಕಕ್ಕೆ ಹಾಕಿ, ಕ್ರೇನ್ ಕರೆಯಿರಿ.

ಇಷ್ಟೆಲ್ಲ ಯಾರು ನೋಡುವುದು? ನಮ್ಮಲ್ಲಿ ಗಲ್ಲಾದ ಹತ್ತಿರ ಒಂದು ನೂರು ಪುಟದ ಪುಸ್ತಕ ಇಟ್ಟಿದ್ದೇನೆ. ಗಾಡಿ ಹೊರಡುವ ಮೊದಲು ಟೈರು, ಲೈಟು, ಬ್ರೇಕು, ವೈಪರ್ ನೋಡಿ ಡ್ರೈವರ್ ಸಹಿ ಹಾಕುತ್ತಾನೆ, ಐದು ನಿಮಿಷದ ಕೆಲಸ. ಗಾಳಿ, ಆಯಿಲ್ ವಾರಕ್ಕೊಮ್ಮೆ. ಹಾಗೆಯೇ ರಾತ್ರಿ ಹನ್ನೆರಡೂವರೆಗೆ ಟೇಬಲ್ ಒರೆಸಿದವನನ್ನು ಮೂರು ಗಂಟೆಗೆ ಎಬ್ಬಿಸಿ ವಾಶಿಗೆ ಕಳುಹಿಸಬೇಡಿ. ನಿದ್ದೆಗಣ್ಣಿನ ಡ್ರೈವರಿಗೆ ಒಳ್ಳೆಯ ಟೈರೂ ಸಾಲದು.

ಕೊನೆಗೆ ಕಾಗದಪತ್ರ. ಟಾಟಾ ಏಸ್‌ನಂಥ ಗಾಡಿಗೆ ಲೈಸೆನ್ಸ್ ಯಾವುದು ಬೇಕೆಂಬ ಗೊಂದಲ ಬಹಳ ಕಾಲ ಇತ್ತು. 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರ ಪೀಠ, ಲಘು ವಾಹನದ ಲೈಸೆನ್ಸ್ ಇದ್ದವರು 7500 ಕೆ.ಜಿ. ಒಳಗಿನ ಸಾರಿಗೆ ವಾಹನವನ್ನೂ ಓಡಿಸಬಹುದೆಂದು ಹೇಳಿದೆ. ಬಿಳಿ ನಂಬರಿನ ಖಾಸಗಿ ಗಾಡಿಯಲ್ಲಿ ಸಾಮಾನು ತರುವವರು ಪಾಲಿಸಿಯ ಹಿಂದಿನ ಪುಟದಲ್ಲಿ ಬಳಕೆಯ ಮಿತಿ ಎಂಬ ಪ್ಯಾರಾ ಓದಿರಿ. ಸ್ಯಾಂಪಲ್ ಮತ್ತು ಸ್ವಂತ ಲಗೇಜು ಬಿಟ್ಟು ಬೇರೆ ಸರಕು ಸಾಗಿಸುವುದು ಖಾಸಗಿ ಪಾಲಿಸಿಗೆ ಸೇರುವುದಿಲ್ಲ ಎಂದಿರುತ್ತದೆ. ಹತ್ತು ಗೋಣಿ ಈರುಳ್ಳಿಯನ್ನು ಸ್ವಂತ ಲಗೇಜು ಎಂದು ಯಾವ ಸರ್ವೇಯರೂ ಒಪ್ಪಲಾರ. ನಿಮ್ಮ ಗಾಡಿಗೆ, ಅದರಲ್ಲಿ ಹೋಗುವ ಕೆಲಸದವರಿಗೆ ವಿಮೆ ಎಷ್ಟರಮಟ್ಟಿಗೆ ಇದೆ ಎಂದು ಏಜೆಂಟರಿಗೆ ಬರೆದು ಕೇಳಿ. ಬಾಯಿಮಾತಿನ ಉತ್ತರ ಬೇಡ, ಬರೆದು ಕೊಟ್ಟದ್ದನ್ನು ಪಾಲಿಸಿಯ ಜತೆ ಪಿನ್ ಮಾಡಿಡಿ.